ಕೆಟ್ಟ ಕಛೇರಿಯ ನೆನಪು ಗಟ್ಟಿ

ಸಂಗೀತ ಕಛೇರಿಗಳಿಗೆ ಹೋಗುವ ಚಟವುಳ್ಳ ಯಾರನ್ನಾದರೂ ಹಿಡಿದು ಕೂರಿಸಿ, ಅವರು ಕೇಳಿದ ಅತ್ಯುತ್ತಮ ಕಛೇರಿ ಯಾವುದೆಂದು ವಿಚಾರಿಸಿ ನೋಡಿ. ಒಂದು ಕ್ಷಣ ಛಾವಣಿಯತ್ತ ನೋಡಿ, ಕಲಾವಿದರೊಬ್ಬರ ಹೆಸರು ಹೇಳಿ, 'ಅದನ್ನು ಹೇಳಿ ಪ್ರಯೋಜನವಿಲ್ಲ ಬಿಡಿ, ಕೇಳಿಯೇ ತಿಳಿಯಬೇಕು' ಎಂದು ಕೈಚೆಲ್ಲಿಬಿಡುತ್ತಾರೆ. ಅದೇ ವ್ಯಕ್ತಿಯನ್ನು ಅತಿ ಕೆಟ್ಟ ಕಛೇರಿಯ ಬಗ್ಗೆ ಕೇಳಿದಿರೋ, ಕುರ್ಚಿಯನ್ನು ಮುಂದಕ್ಕೆಳೆದುಕೊಳ್ಳುತ್ತಾರೆ. ಎಷ್ಟು ಹೊತ್ತಿಗೆ ಶುರುವಾಗಬೇಕಿತ್ತು, ಎಷ್ಟು ಹೊತ್ತಿಗೆ ಶುರುವಾಯಿತು, ಯಾರು ಎದ್ದುಹೋದರು, ಯಾರು ಹೋಗಲಾರದೆ ಉಳಿದರು ಎಂಬುದೆಲ್ಲ ಅಭಿನಯ ಸಮೇತ ಹೊರಬರುತ್ತದೆ.

ಇದು ನಮ್ಮ ಕೊಂಕುಬುದ್ಧಿಯ ಫಲವೆಂದು ನಾನು ಒಪ್ಪುವುದಿಲ್ಲ. ಸಂಗೀತ ಚೆನ್ನಾಗಿ ಸಾಗುತ್ತಿರುವಾಗ ಗಮನವೆಲ್ಲ ಅದರೊಳಗೇ ಇಳಿದುಹೋಗಿರುತ್ತದೆ. ಗೋಡೆಯ ಬಣ್ಣವನ್ನೋ ಪಕ್ಕದವರ ಮುಖವನ್ನೋ ಗುರುತಿಟ್ಟುಕೊಳ್ಳಲು ನಮ್ಮಲ್ಲಿ ಯಾರೂ ಬಿಡುವಾಗಿರುವುದಿಲ್ಲ. ಕೆಟ್ಟ ಕಛೇರಿಯಾದರೋ ನಮ್ಮನ್ನು ಮೊದಲ ಹತ್ತು ನಿಮಿಷಗಳಲ್ಲೇ ಹೊರಗಟ್ಟಿ, ಉಳಿದ ಎರಡು ಗಂಟೆಗಳ ಕಾಲ ಎಲ್ಲವನ್ನೂ ನೋಡಿಕೊಂಡಿರಲು ಬಿಡುತ್ತದೆ. ನನ್ನ ಪಾಲಿನ ಅತ್ಯುತ್ತಮ ಕಛೇರಿಯಿಂದ ನನ್ನಲ್ಲಿ ಉಳಿದಿರುವುದು ಒಂದೇ ಒಂದು ದೃಶ್ಯ. ವಯಸ್ಸಾದ ಗಾಯಕರು, ದನಿ ಮೇಲಕ್ಕೇರಲು ಒಪ್ಪದೆ ಮಂದ್ರದಲ್ಲೇ ಸುತ್ತುತ್ತಿತ್ತು. ಅವರು ಒಂದು ಸ್ವರದ ಮೇಲೆ ನಿಂತು, ಅದನ್ನು ಬಿಟ್ಟು, ಮತ್ತೆ ಅದಕ್ಕೇ ಮರಳಿದಾಗ ಉತ್ತರಿಸಬೇಕಾಗಿದ್ದ ಪಿಟೀಲಿನವರು ಕಮಾನನ್ನು ತೊಡೆಯ ಮೇಲಿಟ್ಟುಕೊಂಡು ಗಾಯಕರನ್ನೇ ನೋಡುತ್ತ ಕುಳಿತಿದ್ದರು. ತಮ್ಮ ಸರದಿ ಬಂದದ್ದೇ ಅವರಿಗೆ ತಿಳಿದಿರಲಿಲ್ಲ. ಯಾವ ರಾಗವೆಂದು ಕೇಳಬೇಡಿ. ಹೇಳಬಲ್ಲೆನಾದರೂ ಅದರಿಂದ ನಿಮಗೆ ಏನೂ ದಕ್ಕುವುದಿಲ್ಲ.

ಕೆಟ್ಟವುಗಳ ಬಗ್ಗೆ ಮಾತ್ರ ನಾನು ಧಾರಾಳಿ. ಅವುಗಳಲ್ಲಿ ಅಗ್ರಸ್ಥಾನ ಮೈಕು ಕೂಗಿಕೊಂಡ ಕಛೇರಿಗೆ. ಸ್ಪೀಕರಿನಿಂದ ಹೊರಟ ದನಿಯನ್ನು ಮೈಕು ಮತ್ತೆ ಹಿಡಿದು ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ, ಅದು ಇನ್ನಷ್ಟು ಹಿಗ್ಗಿ ಸ್ಪೀಕರಿಗೆ ಬರುತ್ತದೆ, ಈ ಸುತ್ತಾಟದಲ್ಲಿ ಯಾವ ಸ್ವರಕ್ಕೆ ಅನುಕೂಲ ಹೆಚ್ಚೋ ಆ ಒಂದು ಸ್ವರವೇ ಬೆಳೆದು ಕಿವಿ ಸೀಳುವ ಕೀರಲಾಗುತ್ತದೆ. ಆ ದಿನ ಬೆಳೆದ ಸ್ವರ ಗಾಯಕಿ ಎತ್ತಿಕೊಂಡಿದ್ದ ರಾಗಕ್ಕೆ ಸೇರಿದ್ದಾಗಿರಲಿಲ್ಲ. ಆಕೆ ತೋರುಬೆರಳನ್ನು ಮೇಲೆತ್ತಿ, ತಮ್ಮ ಮುಂದಿನ ಪುಟ್ಟ ಸ್ಪೀಕರಿನಲ್ಲಿ ದನಿ ಏರಿಸಬೇಕೆಂದು ಸನ್ನೆ ಮಾಡಿದರು. ಅದೇ ಹೊತ್ತಿಗೆ ತಾಳವಾದ್ಯದವರು ಅಂಗೈಯನ್ನು ಕೆಳಮುಖವಾಗಿ ಆಡಿಸಿ, ಇಳಿಸಬೇಕೆಂದರು. ಸಭಾಂಗಣದ ಕೊನೆಯಲ್ಲಿ ಗುಂಡಿಗಳ ಮುಂದೆ ಕುಳಿತಿದ್ದ ಹುಡುಗ ಇಬ್ಬರಿಗೂ ತಲೆಯಾಡಿಸಿ, ಎರಡು ಆಜ್ಞೆಗಳನ್ನೂ ಒಂದೇ ಗುಂಡಿಯ ಮೇಲೆ ಸರದಿಯಂತೆ ಪಾಲಿಸಿದ. ಕಾರ್ಯಕ್ರಮಕ್ಕೆ ಮೊದಲು ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತೆಂದು ಸಂಘಟಕರು ನಡುವೆ ಬಂದು ಘೋಷಿಸಿದ್ದು ಸುಳ್ಳೇನೂ ಇರಲಾರದು. ಖಾಲಿ ಸಭಾಂಗಣ ಬೇರೆ, ಜನ ತುಂಬಿದ ಸಭಾಂಗಣವೇ ಬೇರೆ. ನಮ್ಮ ಮೈಯೂ ಮೈಮೇಲಿನ ಬಟ್ಟೆಯೂ ಸದ್ದನ್ನು ಹೀರುತ್ತವೆ.

ಇದನ್ನು ಲೆಕ್ಕಕ್ಕಿಳಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಉಪನ್ಯಾಸ ಭವನವೊಂದನ್ನು ಸರಿಪಡಿಸುವ ಕೆಲಸ ಅವರ ತಲೆಗೆ ಬಿತ್ತು. ಅಲ್ಲಿ ಆಡಿದ ಮಾತೊಂದು ಐದು ಸೆಕೆಂಡಿಗೂ ಹೆಚ್ಚು ಕಾಲ ಗಾಳಿಯಲ್ಲೇ ಸುತ್ತುತ್ತಿತ್ತಾದ್ದರಿಂದ ಹಿಂದಿನ ವಾಕ್ಯದ ಬಾಲ ಮುಂದಿನದರ ತಲೆಗೆ ತೊಡರುತ್ತಿತ್ತು. ಅವರು ಹತ್ತಿರದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಎಷ್ಟು ಮೆತ್ತೆಗಳಿಗೆ ಎಷ್ಟು ಬೇಗ ಸದ್ದು ಅಡಗುತ್ತದೆಂದು ಅಳೆದರು. ಬೆಳಗಾಗುವ ಮೊದಲು ಮೆತ್ತೆಗಳು ಸ್ವಸ್ಥಾನ ಸೇರಬೇಕಾಗಿತ್ತು. ಈ ಲೆಕ್ಕಾಚಾರವನ್ನು ಆಧರಿಸಿ 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಇಂದಿಗೂ ಜಗತ್ತಿನ ಅತ್ಯುತ್ತಮ ಸಂಗೀತ ಭವನಗಳ ಸಾಲಿನಲ್ಲಿದೆ. ಈ ಶಾಸ್ತ್ರದ ಪ್ರಕಾರ ಶ್ರೋತೃವೆಂದರೆ ಒಂದಿಷ್ಟು ಮೆತ್ತೆಗಳಿಗೆ ಸಮಾನ. ಕೆಲವು ಕಛೇರಿಗಳಿಗೆ ನನ್ನಿಂದ ಸಂದ ಕೊಡುಗೆಯೂ ಅಷ್ಟೇ.

ಕೂತವರಿಗೆ ಕೆಟ್ಟದ್ದೆನಿಸಿದ ಸಂಜೆ ಮುಂದೆ ಚರಿತ್ರೆಯಾಗುವುದೂ ಉಂಟು. 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಬೀಥೋವನ್ ನಡೆಸಿದ ಕಛೇರಿಯಲ್ಲಿ ಅವರ ಐದನೆಯ ಮತ್ತು ಆರನೆಯ ಸಿಂಫನಿಗಳು ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಬಂದವು. ಇಂದು ಅದಕ್ಕೊಂದು ಟಿಕೆಟ್ಟು ಸಿಗುವುದಾದರೆ ಮನೆ ಮಾರಲೂ ಸಿದ್ಧರಿರುವವರಿದ್ದಾರೆ. ಅಂದು ಕೂತವರ ಪಾಡು ಬೇರೆ: ರಂಗಮಂದಿರದಲ್ಲಿ ಮೈ ಕೊರೆಯುವ ಚಳಿ, ವಾದ್ಯವೃಂದಕ್ಕೆ ಸಾಲದ ತಾಲೀಮು, ಸಂಜೆ ಆರೂವರೆಯಿಂದ ಹತ್ತೂವರೆಯವರೆಗೆ ಮುಗಿಯದ ಕಾರ್ಯಕ್ರಮ. ಕೊನೆಯ ಕೃತಿ ನಡುವೆ ಹಳಿ ತಪ್ಪಿದಾಗ ಬೀಥೋವನ್ ನುಡಿಸುವುದನ್ನು ನಿಲ್ಲಿಸಿ ಮತ್ತೆ ಆರಂಭಿಸಿದರು. ಆ ಶ್ರೋತೃಗಳಲ್ಲಿ ಮನೆಗೆ ಮರಳಿದವರು ಸಿಂಫನಿಗಿಂತ ಮೊದಲು ಚಳಿಯ ಸುದ್ದಿಯನ್ನೇ ಹೇಳಿರುತ್ತಾರೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು 1965ರಲ್ಲಿ ನ್ಯೂಯಾರ್ಕಿನ ಶಿಯಾ ಕ್ರೀಡಾಂಗಣದಲ್ಲಿ ನಡೆದ ಬೀಟಲ್ಸ್ ಕಛೇರಿ. ಐವತ್ತೈದು ಸಾವಿರಕ್ಕೂ ಹೆಚ್ಚು ಜನರ ಕಿರುಚಾಟದಲ್ಲಿ ವಾದಕರಿಗೇ ತಮ್ಮ ವಾದನ ಕೇಳಿಸುತ್ತಿರಲಿಲ್ಲ. ಮರುವರ್ಷವೇ ಅವರು ಕಛೇರಿ ಪ್ರವಾಸಗಳನ್ನು ನಿಲ್ಲಿಸಿದರು. ಆದರೂ ಅಲ್ಲಿ ಕಿರುಚಿದವರನ್ನು ಕೇಳಿದರೆ ಜೀವಮಾನದ ಶ್ರೇಷ್ಠ ಕಛೇರಿ ಅದೇ ಎಂದಾರು, ಅವರೊಡನೆ ವಾದಕ್ಕಿಳಿಯುವ ಧೈರ್ಯ ನನಗಿಲ್ಲ. ಶ್ರೋತೃಗಳ ಉತ್ಸಾಹದ ಇನ್ನೊಂದು ಮಾದರಿ 1971ರಲ್ಲಿ ಅದೇ ನಗರದಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಸಹಾಯಾರ್ಥ ನಡೆದ ಕಛೇರಿಯಲ್ಲಿ ಕಂಡಿತು. ರವಿಶಂಕರ್ ಮತ್ತು ಸಂಗಡಿಗರು ಶ್ರುತಿ ಕೂಡಿಸಿಕೊಂಡು ಮುಗಿಸುತ್ತಲೇ ಸಭೆ ಭರ್ಜರಿ ಚಪ್ಪಾಳೆ ತಟ್ಟಿತು. ಶ್ರುತಿ ಮಾಡಿಕೊಂಡದ್ದೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತೆಂದು ಆಶಿಸುತ್ತೇನೆ ಎಂದು ಅವರು ನಯವಾಗಿ ಹೇಳಿದರು.

ಇಷ್ಟಾಗಿಯೂ, ನಾನು ಕೇಳಿದ ಕಛೇರಿಗಳಲ್ಲಿ ನಿಜವಾಗಿ ಅತ್ಯಂತ ಕೆಟ್ಟದ್ದು ಯಾವ ಅವಾಂತರವೂ ಇಲ್ಲದ ಕಛೇರಿ. ಮೈಕು ಕೂಗಲಿಲ್ಲ, ತಂತಿ ಹರಿಯಲಿಲ್ಲ, ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೆ ಮುಗಿಯಿತು. ಖ್ಯಾತರಾದ ಆ ಕಲಾವಿದರು ಧ್ವನಿಮುದ್ರಣದಲ್ಲಿ ನಾವು ಕೇಳಿದ್ದ ಪಲುಕುಗಳನ್ನೇ ಅದೇ ಕ್ರಮದಲ್ಲಿ, ಅದೇ ಜಾಗಗಳಲ್ಲಿ ಒಪ್ಪಿಸಿ, ಕೈಗಡಿಯಾರ ನೋಡಿಕೊಂಡು ಎದ್ದರು. ಆ ಸಂಜೆಯ ನೆನಪೆಂದು ನನ್ನ ಬಳಿ ಉಳಿದಿರುವುದು ಮುಂದಿನ ಸಾಲಿನವರ ಅಂಗಿಯ ಕಾಲರಿನಿಂದ ಹೊರಗಿಣುಕಿದ್ದ ಬಿಳಿಯ ಚೀಟಿ. ಅದನ್ನು ಒಳಗೆ ತಳ್ಳಲೋ ಬೇಡವೋ ಎಂಬ ಚಿಂತೆಯಲ್ಲೇ ಉತ್ತರಾರ್ಧ ಕಳೆಯಿತು. ಕೂಗುವ ಮೈಕನ್ನಾದರೂ ಕ್ಷಮಿಸಬಹುದು; ಅದಕ್ಕೆ ಎದುರಾಗಿ ಹಾಡಬೇಕೆಂಬ ಹಟವಾದರೂ ಗಾಯಕಿಗಿತ್ತು.

ಹೀಗೆಂದರೆ ನನ್ನ ಸ್ನೇಹಿತನೊಬ್ಬ ಕೆರಳುತ್ತಾನೆ. ಪಿಟೀಲಿನವರು ಕಮಾನು ಕೆಳಗಿಟ್ಟ ಆ ಕಛೇರಿಗೆ ಅವನೂ ಬಂದಿದ್ದ. ಅವನ ಕೆಟ್ಟ ಕಛೇರಿಗಳ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಅವನಿಗೆ ಸಿಕ್ಕಿದ್ದದ್ದು ಬಾಲ್ಕನಿಯ ಅಡಿಯ ಕೊನೆಯ ಸಾಲು, ಮೇಲಿನ ಛಾವಣಿಯಿಂದ ಮರಳುವ ಸದ್ದು ಸರಿಯಾಗಿ ತಲುಪದ ಜಾಗ. ಮಂದ್ರದ ಹಾಡು ಅವನಿಗೆ ಗೊಣಗಿದಂತೆ ಕೇಳಿಸಿತಂತೆ, ಪಿಟೀಲಿನವರಿಗೆ ನಿದ್ದೆ ಬಂದಿತ್ತೆಂದು ಇಂದಿಗೂ ಸಾಧಿಸುತ್ತಾನೆ. ಆ ಕಛೇರಿಯ ಧ್ವನಿಮುದ್ರಣವೊಂದಿದೆ, ಕೇಳಿ ಇತ್ಯರ್ಥ ಮಾಡಿಕೊಳ್ಳಿ ಎಂದು ಬುದ್ಧಿ ಹೇಳಿದವರಿದ್ದಾರೆ. ಇಬ್ಬರೂ ಒಪ್ಪಿಲ್ಲ: ಮೈಕು ಇದ್ದದ್ದು ವೇದಿಕೆಯ ಮೇಲೆ, ಅದು ಅವನ ಸಾಲಿನಲ್ಲಾಗಲಿ ನನ್ನ ಸಾಲಿನಲ್ಲಾಗಲಿ ಕೂತಿರಲಿಲ್ಲ.