‘ಬೇಂದ್ರೆ’ ಅಂತ ಹುಡುಕಿದರೆ ಸೊನ್ನೆ ತೋರಿಸುವ ಸಾಫ್ಟ್‌ವೇರ್ ನಮ್ಮ ಶಾಲೆಗಳಿಗೆ ಬೇಡ

ನಿನ್ನೆ ಧಾರವಾಡದ ಒಂದು ಶಾಲೆಯಲ್ಲಿ ಲೈಬ್ರರಿ ಸಾಫ್ಟ್‌ವೇರ್ ಡೆಮೊ. ಬಾರ್‌ಕೋಡ್ ಓದಿತು, ದಂಡದ ಲೆಕ್ಕ ಹಾಕಿತು, ವರದಿಯೂ ಬಂತು. ‘ಬೇಂದ್ರೆ’ ಅಂತ ಟೈಪ್ ಮಾಡಿದರೆ ಸೊನ್ನೆ ಫಲಿತಾಂಶ. ಧಾರವಾಡದಾಗ ಬೇಂದ್ರೆ ಸಿಗವಲ್ಲರು! ಪುಸ್ತಕ ಅಲ್ಲೇ ಕಪಾಟಿನಲ್ಲಿತ್ತು. ಸಿಟ್ಟು ಇನ್ನೂ ಇಳಿದಿಲ್ಲ.

ಪುಸ್ತಕ ಪಟ್ಟಿಯ ಅರ್ಧ ಭಾಗ ‘ನುಡಿ’ ತಂತ್ರಾಂಶದ ಹಳೆ ಫಾಂಟಿನಲ್ಲಿತ್ತು. ಪರದೆಯ ಮೇಲೆ ಕನ್ನಡ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಈಗಿನ ಮೊಬೈಲು, ಕಂಪ್ಯೂಟರುಗಳು ಬಳಸುವ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಹುಡುಕುವ ಮಗುವಿಗೆ ಅದು ಸಿಗುವುದೇ ಇಲ್ಲ. ಉಳಿದರ್ಧವನ್ನು ಇಂಗ್ಲಿಷ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗಿನಲ್ಲಿ ತುಂಬಿದ್ದಾರೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆಲ್ಲ 894.814. ಕಪಾಟು ತುಂಬ ಅದೇ ಸಂಖ್ಯೆ ಇರುವಾಗ ಮಕ್ಕಳು ಹೆಸರಿನಿಂದಲ್ಲದೆ ಇನ್ನು ಹೇಗೆ ಹುಡುಕಬೇಕು?

ಕೊಳ್ಳುವ ಮೊದಲು ನಿಮ್ಮದೇ ಕಪಾಟಿನಿಂದ 20 ಪುಸ್ತಕ ಆರಿಸಿಕೊಳ್ಳಿ. ಐಎಸ್‌ಬಿಎನ್ (ಪ್ರಕಾಶಕರು ಅಚ್ಚು ಹಾಕುವ ಪುಸ್ತಕದ ಗುರುತಿನ ಸಂಖ್ಯೆ) ಇಲ್ಲದ ಹಳೆಯ ಐದು, ಅನುವಾದ ಎರಡು, ಒಂದೇ ಪುಸ್ತಕದ ಮೂರು ಪ್ರತಿ ಅದರಲ್ಲಿರಲಿ. ಮಾರುವವರು ನಿಮ್ಮೆದುರೇ ಎಂಟ್ರಿ ಮಾಡಲಿ. ಐಎಸ್‌ಬಿಎನ್ ಇಲ್ಲದೆ ಮುಂದೆ ಹೋಗದ ಫಾರ್ಮು ಕನ್ನಡ ಶಾಲೆಗೆ ನಿರುಪಯೋಗಿ. ಮೂರು ಪ್ರತಿಗಳು ಒಂದೇ ದಾಖಲೆಯ ಕೆಳಗೆ ಮೂರು ಅಕ್ಸೆಶನ್ ನಂಬರಾಗಿ (ಒಂದೊಂದು ಪ್ರತಿಗೂ ಲೈಬ್ರರಿ ಕೊಡುವ ಸಂಖ್ಯೆ) ಕೂಡಬೇಕು. ಆಮೇಲೆ ಒಮ್ಮೆ ಮೊಬೈಲಿನಿಂದ, ಒಮ್ಮೆ ಕಂಪ್ಯೂಟರಿನಿಂದ ಹುಡುಕಿ. ‘ಕರ್ನಾಟಕ’ದಂಥ ಅರ್ಕಾವತ್ತಿನ ಪದ, ಒತ್ತಕ್ಷರದ ಪದ ಎರಡೂ ಇರಲಿ. ಕಾವ್ಯನಾಮ ‘ಅಂಬಿಕಾತನಯದತ್ತ’ ಅಂತ ಹುಡುಕಿದರೂ ‘ದ.ರಾ. ಬೇಂದ್ರೆ’ಗೆ ಬರಬೇಕು. ಅದಕ್ಕೆ ಲೇಖಕರ ಹೆಸರುಗಳನ್ನು ಒಂದಕ್ಕೊಂದು ಜೋಡಿಸುವ ಅಥಾರಿಟಿ ಫೈಲ್ ಬೇಕು. ಅಗ್ಗದ ಸಾಫ್ಟ್‌ವೇರುಗಳಲ್ಲಿ ಮೊದಲು ಕಾಣೆಯಾಗುವುದು ಇದೇ.

ಕೊನೆಗೆ ಅಷ್ಟೂ ದಾಖಲೆಗಳನ್ನು ಹೊರಗೆ ತೆಗೆಸಿ, ಮಾರ್ಕ್ 21 (ಲೈಬ್ರರಿ ದಾಖಲೆಗಳ ಪ್ರಮಾಣಿತ ರೂಪ) ಅಥವಾ ಸಿಎಸ್‌ವಿ (ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಸರಳ ಪಠ್ಯ ಕಡತ) ರೂಪದಲ್ಲಿ. ಇಲ್ಲೊಂದು ಎಚ್ಚರ: ಸಿಎಸ್‌ವಿಯನ್ನು ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ವಿಚಿತ್ರ ಅಕ್ಷರಗಳಾಗಿ ಕಂಡರೆ ತಕ್ಷಣ ಸಾಫ್ಟ್‌ವೇರಿನ ಮೇಲೆ ತಪ್ಪು ಹೊರಿಸಬೇಡಿ. ಇಂಪೋರ್ಟ್ ಮಾಡುವಾಗ ಯುಟಿಎಫ್-8 (ಯೂನಿಕೋಡ್ ಬರೆದಿಡುವ ರೂಪ) ಆರಿಸಿ ನೋಡಿ. ಆಗಲೂ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ ಅಕ್ಷರಗಳು ಹೋದವು ಅಂತಲೇ ಲೆಕ್ಕ, ಆ ಕಡತದಿಂದ ಅವನ್ನು ಮರಳಿ ಪಡೆಯಲಾಗದು.

“ಕೋಹಾ ಹಾಕಿಸಿದರೆ ಮುಗೀತು, ಪುಕ್ಕಟೆ” ಅನ್ನುವವರಿಗೂ ಇದೇ ಮಾತು. 2000ನೇ ಇಸವಿಯಿಂದ ಬಳಕೆಯಲ್ಲಿರುವ ಮುಕ್ತ ಲೈಬ್ರರಿ ತಂತ್ರಾಂಶ ಅದು, ನನಗೂ ಅದರ ಮೇಲೆ ಭರವಸೆ ಇದೆ. ಆದರೆ ಅದರೊಳಗಿನ ‘ಝೀಬ್ರಾ’ ಎಂಬ ಹುಡುಕಾಟದ ಎಂಜಿನ್ ಅನ್ನು ಅಕ್ಷರ ಗುರುತಿಸುವ ಮೂಲ ಸಿಎಚ್‌ಆರ್ ವ್ಯವಸ್ಥೆಯಲ್ಲೇ ಬಿಟ್ಟರೆ ಕನ್ನಡ ನೆಟ್ಟಗೆ ಸಿಗುವುದಿಲ್ಲ. ಯೂನಿಕೋಡ್ ಬಲ್ಲ ಐಸಿಯು ವ್ಯವಸ್ಥೆಗೆ ಬದಲಿಸಿ, ಇಡೀ ಸೂಚಿಯನ್ನು ಮತ್ತೆ ಕಟ್ಟಿಸಬೇಕು. ಲಿನಕ್ಸ್ ಬಲ್ಲವರೊಬ್ಬರು ಬೇಕು, ಯುಪಿಎಸ್ ಬೇಕು, ದಿನಾ ಬ್ಯಾಕಪ್ ಆ ಕಂಪ್ಯೂಟರಿನಿಂದ ಹೊರಗೆ ಹೋಗಬೇಕು. ಕೇಂದ್ರ ಸರ್ಕಾರದ ಎನ್‌ಐಸಿಯ ಲೈಬ್ರರಿ ತಂತ್ರಾಂಶ ‘ಇ-ಗ್ರಂಥಾಲಯ’ವಾದರೂ ಅದೇ 20 ಪುಸ್ತಕದ ಪರೀಕ್ಷೆ ಮಾಡಿಯೇ ತೊಗೊಳ್ರಿ.

“ನಮ್ಮದು ಇಂಗ್ಲಿಷ್ ಮೀಡಿಯಂ, ಕನ್ನಡ ಪುಸ್ತಕ ಎಷ್ಟಿದ್ದಾವು?” ಅಂದರು ಒಬ್ಬರು. ಕಡಿಮೆ ಇದ್ದರೆ ಸಿಗದಿದ್ದರೂ ನಡೆಯುತ್ತದೆಯೇ? ಈ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಒಟ್ಟು ಪುಸ್ತಕವೇ ಸಾವಿರದೊಳಗಿದ್ದರೆ ಯೂನಿಕೋಡಿನಲ್ಲಿ ತುಂಬಿದ ಒಂದು ಸ್ಪ್ರೆಡ್‌ಶೀಟೇ ಸಾಕು, ದುಡ್ಡು ಖರ್ಚು ಮಾಡಬೇಡಿ.

ಒಂದು ಎಂಟ್ರಿಗೆ 5 ನಿಮಿಷ ಹಿಡಿದರೆ 6000 ಪುಸ್ತಕಕ್ಕೆ 500 ತಾಸು. ದಿನಕ್ಕೆ 2 ತಾಸಿನಂತೆ 250 ದಿನ, ಅಂದರೆ ಇಡೀ ಶೈಕ್ಷಣಿಕ ವರ್ಷ. ಒಬ್ಬ ಲೈಬ್ರರಿಯನ್ ಇಷ್ಟು ಬೆವರು ಸುರಿಸಿದ ಮೇಲೆ ‘ಸೊನ್ನೆ’ ಬಂದರೆ ಹೊಟ್ಟೆ ಉರಿಯುತ್ತದೆ. ಹಳೆ ನುಡಿ ಪಟ್ಟಿ ಇರುವವರು ಮೊದಲು ಕನ್ವರ್ಟರಿನಿಂದ ಯೂನಿಕೋಡಿಗೆ ತಂದು, ಅರ್ಕಾವತ್ತು, ದೀರ್ಘಗಳನ್ನು ಕಣ್ಣಾರೆ ನೋಡಿ ತಿದ್ದಿ. ಮೂಲ ಅಕ್ಸೆಶನ್ ರಜಿಸ್ಟರನ್ನು ಮಾತ್ರ ಎಸೆಯಬೇಡಿ, ತಿದ್ದುವಾಗ ಅನುಮಾನ ಬಂದರೆ ನೋಡಲು ಇರುವುದು ಅದೊಂದೇ.