ತಡವಾಗಿ ಮುಟ್ಟಿಸಲು ಹೆಚ್ಚಿನ ದರ

ನಮ್ಮ ಮನೆತನದಲ್ಲಿ ಪ್ರಯಾಣ ಎಂದರೆ ಬೇಗ ಮುಗಿಸಿ ಕೈತೊಳೆದುಕೊಳ್ಳುವ ಕೆಲಸ. ರಾತ್ರಿ ಬಸ್ಸು ಹತ್ತಬೇಕು, ಕಣ್ಣು ಮುಚ್ಚಬೇಕು, ಬಿಟ್ಟಾಗ ಊರು ಬಂದಿರಬೇಕು. ಬೆಳಗಿನಿಂದ ಸಂಜೆಯವರೆಗೆ ದಾರಿಯಲ್ಲೇ ಕಳೆಯುವವರು ಒಂದೋ ಕಾಯಿಲೆಯವರು, ಇಲ್ಲವೇ ಕೆಲಸವಿಲ್ಲದವರು ಎಂದು ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ಇಂಥ ವಂಶದಲ್ಲಿ ಹುಟ್ಟಿದ ನನಗೆ ಬೆಂಗಳೂರು–ಮಂಗಳೂರು ಹಗಲು ರೈಲಿನ ವಿಸ್ಟಾಡೋಮ್ ಎಂಬ ಗಾಜಿನ ಬೋಗಿಯ ಹುಚ್ಚು ಹೇಗೆ ಹಿಡಿಯಿತೋ ತಿಳಿಯದು. ಬೆಳಗ್ಗೆ ಏಳರ ಸುಮಾರಿಗೆ ಯಶವಂತಪುರ ಬಿಟ್ಟರೆ ಕರಾವಳಿ ಕಾಣಲು ಇಡೀ ಹಗಲು ಬೇಕು. ವಿಮಾನದಲ್ಲಾದರೆ ಸೀಟ್ ಬೆಲ್ಟ್ ಬಿಗಿದು ಬಿಚ್ಚುವಷ್ಟರಲ್ಲಿ ಮಂಗಳೂರಿನ ಬಜ್ಪೆ ನಿಲ್ದಾಣ.

2021ರ ಜುಲೈಯಲ್ಲಿ ಈ ದಾರಿಗೆ ಗಾಜಿನ ಬೋಗಿ ಬಂತು. ಒಂದು ಬೋಗಿಗೆ 44 ಸೀಟು. ಬೇಕಾದ ಕಡೆ ತಿರುಗಿಸಿಕೊಳ್ಳಬಹುದು. ಕಿಟಕಿ ಮೊಣಕಾಲಿನ ಮಟ್ಟದಿಂದ ಶುರುವಾಗಿ ಚಾವಣಿಯವರೆಗೆ, ಚಾವಣಿಯಲ್ಲೂ ಗಾಜು. ದರ ಮಾತ್ರ ಅದೇ ರೈಲಿನ ಸಾಮಾನ್ಯ ಬೋಗಿಯ ಹಲವು ಪಟ್ಟು. ಹಾಗಂತ ನಮ್ಮ ಬೋಗಿ ಒಂದು ನಿಮಿಷವೂ ಮೊದಲು ಮುಟ್ಟುವುದಿಲ್ಲ. ಜನರಲ್ ಬೋಗಿಯಲ್ಲಿ ಬಾಗಿಲ ಬಳಿ ಕಾಲು ಇಳಿಬಿಟ್ಟು ಕೂತ ಹುಡುಗನೂ ನಾನೂ ಒಂದೇ ಗಳಿಗೆಗೆ ಇಳಿಯುತ್ತೇವೆ. ಬಸ್ಸಿನವರು ಎಕ್ಸ್‌ಪ್ರೆಸ್ ಎಂದು ಎರಡು ರೂಪಾಯಿ ಹೆಚ್ಚು ಕೇಳಿದರೆ ಅದರಲ್ಲಿ ನ್ಯಾಯವಿದೆ. ಇಲ್ಲಿ ನಾನು ಕೈಯಾರೆ ದುಡ್ಡು ಕೊಟ್ಟು ತೆಗೆದುಕೊಂಡದ್ದು ತಡವನ್ನು.

ಹಾಸನದವರೆಗೆ ಹೇಳಿಕೊಳ್ಳುವಂಥದ್ದೇನಿಲ್ಲ. ತೆಂಗು, ರಾಗಿ ಹೊಲ, ಗೇಟಿನಲ್ಲಿ ನಿಂತ ಸ್ಕೂಟರುಗಳು. ಬೋಗಿಯವರೆಲ್ಲ ಮೊಬೈಲಿನಲ್ಲಿ ಮುಳುಗಿರುತ್ತಾರೆ, ನಾನೂ ಅಷ್ಟೇ. ಸಕಲೇಶಪುರ ದಾಟಿ ದೋಣಿಗಲ್ ಬಂದ ಮೇಲೆ ಆಟ ಶುರು. ಅಲ್ಲಿಂದ ಸುಬ್ರಹ್ಮಣ್ಯ ರೋಡಿನವರೆಗೆ ರೈಲು ಘಟ್ಟ ಇಳಿಯಬೇಕು. ಸುಮಾರು 55 ಕಿಲೋಮೀಟರಿನ ಈ ಘಟ್ಟದ ದಾರಿಯಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಪ್ರತಿ 50 ಮೀಟರಿಗೆ ಒಂದು ಮೀಟರು ಇಳಿಜಾರು. ವೇಗ ಗಂಟೆಗೆ 30 ಕಿಲೋಮೀಟರು, ಹಲವು ಕಡೆ ಅದೂ ಇಲ್ಲ. ಮೊಬೈಲಿನ ಸಿಗ್ನಲ್ ಒಂದೊಂದೇ ಗೀಟು ಕಳೆದುಕೊಂಡು ಸಾಯುತ್ತದೆ. ಜನ ತಲೆ ಎತ್ತುತ್ತಾರೆ.

ಮೊದಲನೆಯ ಸುರಂಗಕ್ಕೆ ಮಕ್ಕಳು ಕಿರುಚುತ್ತವೆ. ನಾಲ್ಕನೆಯದಕ್ಕೆ ಅವರ ಅಪ್ಪಂದಿರೂ. ಹತ್ತಾಗುವಷ್ಟರಲ್ಲಿ ಎಣಿಸುತ್ತಿದ್ದವರು ಲೆಕ್ಕ ತಪ್ಪಿ ಜಗಳ ತೆಗೆದಿರುತ್ತಾರೆ. ಸುರಂಗದೊಳಗೆ ತಲೆಯೆತ್ತಿ ನೋಡಿದರೆ ಚಾವಣಿಯ ಕಪ್ಪು ಗಾಜಿನಲ್ಲಿ ಬೋಗಿಯ ಜನರೆಲ್ಲ ತಲೆಕೆಳಗಾಗಿ ಕೂತಿರುತ್ತಾರೆ, ಕೈಯಲ್ಲಿ ಕಾಫಿ ಕಪ್ಪಿನ ಸಮೇತ. ಬಂಡೆಯಿಂದ ಜಿನುಗಿದ ನೀರು ಟಪ್ ಟಪ್ ಎಂದು ಅವರ ಮೇಲೆ ಬೀಳುತ್ತದೆ, ಯಾರೂ ನೆನೆಯುವುದಿಲ್ಲ. ಫಕ್ಕನೆ ಬೆಳಕು, ಎಲ್ಲರೂ ಅಳಿಸಿಹೋಗಿ ಆ ಜಾಗದಲ್ಲಿ ಮಂಜು, ಬಿದಿರಿನ ತುದಿ. ಕೆಳಗೆ ನೋಡಿದರೆ ನೆಲವೇ ಇಲ್ಲ, ಸೇತುವೆಯ ಕಂಬ ಹಸಿರೊಳಗೆ ಇಳಿದು ಹೋಗಿದೆ. ನಿಧಾನಕ್ಕೆ ಹೋಗುವುದರಿಂದ ಒಂದೇ ಜಲಪಾತವನ್ನು ಬರುವಾಗ, ಎದುರಾದಾಗ, ಬಿಟ್ಟು ಹೋಗುವಾಗ ಮೂರು ಸಲ ನೋಡಬಹುದು. ಬಸ್ಸಿನಲ್ಲಾದರೆ "ಅಲ್ನೋಡು" ಎನ್ನುವುದರೊಳಗೆ ಅದು ಹಿಂದೆ ಬಿದ್ದಿರುತ್ತದೆ, ತೋರಿಸಿದವರ ಮೇಲೆ ಸಿಟ್ಟು ಉಳಿಯುತ್ತದೆ.

ಒಮ್ಮೆ ಪಕ್ಕದ ಸೀಟಿನಲ್ಲಿ ಪುತ್ತೂರು ಕಡೆಯ ಹಿರಿಯರೊಬ್ಬರು. ಪಂಚೆ, ಬಿಳಿ ಅಂಗಿ, ತೊಡೆಯ ಮೇಲೆ ಬಟ್ಟೆ ಚೀಲ. ಹಾಸನದವರೆಗೂ ಗೊಣಗಾಟ.

"ಎಂತ ಮಾರಾಯ್ರೆ, ಬಸ್ಸಲ್ಲಿ ಮಲಗಿದ್ರೆ ಬೆಳಗ್ಗೆ ಚಾ ಮನೇಲೇ ಕುಡಿಯಬಹುದಿತ್ತು. ಮಗ ಬುಕ್ ಮಾಡಿದ್ದು. ಬೇಡ ಅಂದ್ರೆ ಕೇಳಬೇಕಲ್ಲ!"

ಯಡಕುಮೇರಿಯಲ್ಲಿ ಗಾಡಿ ನಿಂತಿತು. ಕ್ರಾಸಿಂಗಿಗೋ, ಬ್ರೇಕು ನೋಡುವುದಕ್ಕೋ, ಯಾರಿಗೂ ತಿಳಿಯಲಿಲ್ಲ, ಯಾರೂ ಕೇಳಲೂ ಇಲ್ಲ. ಕಾಡಿನ ನಡುವಿನ ಆ ಸ್ಟೇಷನ್ನಿನಲ್ಲಿ ಇಳಿಯುವ ಊರೂ ಇಲ್ಲ, ಹತ್ತುವ ಜನರೂ ಇಲ್ಲ. ಹಿರಿಯರು ಸೀಟನ್ನು ಕಿಟಕಿಗೆ ತಿರುಗಿಸಿಕೊಂಡು ಕೂತರು. ಚೀಲದಿಂದ ಕವಳದ ಸಂಚಿ ತೆಗೆದರು, ಹಾಕಿದರೆ ಉಗುಳಲು ಕಿಟಕಿ ತೆರೆಯುವುದಿಲ್ಲ ಎಂಬುದು ನೆನಪಾಗಿ ಮತ್ತೆ ಒಳಗಿಟ್ಟರು. ಗಾಡಿ ಹೊರಟಾಗ ಅವರ ಮಾತು: "ಇಷ್ಟು ಬೇಗ ಬಿಟ್ಟದ್ದಾ?"

ಆ ತೆರೆಯದ ಕಿಟಕಿಯ ಬಗ್ಗೆ ನನಗೂ ತಕರಾರಿದೆ. ಮಳೆಗಾಲದ ಘಟ್ಟಕ್ಕೆ ಒಂದು ವಾಸನೆಯಿದೆ, ಕೊಳೆತ ಎಲೆ, ಹಾವಸೆ, ಒದ್ದೆ ಕಲ್ಲು ಎಲ್ಲ ಸೇರಿದ್ದು. ಎ.ಸಿ. ಬೋಗಿಯಲ್ಲಿ ಅದು ಸಿಗುವುದಿಲ್ಲ. ಸಿಗುವುದು ಹಿಂದಿನ ಸೀಟಿನವರ ಚಿತ್ರಾನ್ನದ ವಾಸನೆ. ಅದೂ ಕೆಟ್ಟದ್ದೇನಲ್ಲ. ಆದರೂ ಬಾಗಿಲಲ್ಲಿ ಕೂತ ಜನರಲ್ ಬೋಗಿಯ ಹುಡುಗ ಈ ವಿಷಯದಲ್ಲಿ ನನಗಿಂತ ಶ್ರೀಮಂತ. (ಬಾಗಿಲಲ್ಲಿ ಕೂರಬಾರದು, ಅದು ಬೇರೆ ಮಾತು.)

ಇನ್ನೊಂದು ವಿಷಯ. ರೈಲು ಇಲ್ಲಿ ಮೆಲ್ಲಗೆ ಹೋಗುವುದು ನಮ್ಮ ರಸಿಕತೆಗಲ್ಲ, ಭಯಕ್ಕೆ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಮುಗಿದದ್ದು 1979ರಲ್ಲಿ. ಹಳಿ ಅಗಲಿಸಿ ಬ್ರಾಡ್ ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದ ಘಟ್ಟದಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಲು 2007ರ ಡಿಸೆಂಬರ್ ಬರಬೇಕಾಯಿತು. ಗುಡ್ಡ ಇನ್ನೂ ಪೂರ್ತಿ ಒಪ್ಪಿಲ್ಲ. 2024ರ ಜುಲೈಯಲ್ಲಿ ಯಡಕುಮೇರಿ ಬಳಿ ಮತ್ತೆ ಕುಸಿದು ರೈಲುಗಳು ನಿಂತವು. ಮಳೆಯಲ್ಲಿ ರೈನ್‌ಕೋಟ್ ತೊಟ್ಟು ಹಳಿ ನೋಡುತ್ತ ನಡೆಯುವ ಗ್ಯಾಂಗ್‌ಮನ್ ನಮಗಿಂತ ನಿಧಾನವಾಗಿ ಇದೇ ಕಾಡು ದಾಟುತ್ತಾನೆ. ಅವನನ್ನು ಕರೆದು ನಿಧಾನದ ಸುಖ ವಿವರಿಸುವ ಧೈರ್ಯ ನನಗಿಲ್ಲ. ಬೇಡವೆಂದರೆ ಬಸ್ಸು ಹತ್ತಬಹುದು ಎಂಬ ಅನುಕೂಲವಿದ್ದವನಿಗೆ ಮಾತ್ರ ಇದು ಸುಖ. ಆಸ್ಪತ್ರೆಗೆ ಹೊರಟವರಿಗೆ, ರಜೆ ಸಿಗದವರಿಗೆ ವೇಗದ ಗಾಡಿ ಬೇಕೇ ಬೇಕು.

ನಿಜವಾದ ಐಷಾರಾಮಿಗಳಿಗೆ 2008ರಿಂದ ನಮ್ಮಲ್ಲಿ ಗೋಲ್ಡನ್ ಚಾರಿಯಟ್ ಎಂಬ ಪ್ರವಾಸಿ ರೈಲಿದೆ. ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ಬೋಗಿಗೊಂದು ರಾಜವಂಶದ ಹೆಸರು. ರೈಲಿನ ಹೆಸರು ಹಂಪಿಯ ಕಲ್ಲಿನ ರಥದಿಂದ ಬಂದದ್ದು. ವಿಜಯನಗರದ ಕಾಲದಿಂದ ಇದ್ದಲ್ಲೇ ಇರುವ ರಥವನ್ನು ಆರಿಸಿ ರೈಲಿಗೆ ಹೆಸರಿಟ್ಟವರ ರಸಿಕತೆಗೆ ನಮಸ್ಕಾರ. ಅದರ ದರ ನನ್ನ ಜೇಬಿನ ಗಡಿಯಾಚೆ. ರಾಷ್ಟ್ರಕೂಟರ ಮಂಚದಲ್ಲಿ ಮಲಗುವ ಯೋಗವಿಲ್ಲದಿದ್ದರೂ ಚಿಂತೆಯಿಲ್ಲ, ನನಗೆ ಬೇಕಾದ ಸರಕು ಕಡಿಮೆ ಬೆಲೆಗೂ ಸಿಗುತ್ತದೆ: ಯಾರೂ ಫೋನು ಮಾಡಲಾಗದ, ನಾನೂ ಏನನ್ನೂ ಮಾಡಲಾಗದ, ಆದರೆ ಸೋಮಾರಿ ಎಂದು ಬೈಯುವಂತೆಯೂ ಇಲ್ಲದ ಎರಡು ಮೂರು ಗಂಟೆ. ಮನೆಯಲ್ಲಿ ಅಷ್ಟೇ ಹೊತ್ತು ಕಿಟಕಿ ಬಳಿ ಸುಮ್ಮನೆ ಕೂತು ನೋಡಿ, ಯಾರಾದರೂ ಬಂದು ಕೈಗೆ ಬೆಳ್ಳುಳ್ಳಿ ಕೊಟ್ಟು ಸುಲಿಯಲು ಹೇಳುತ್ತಾರೆ.

ಈಗ ಕಣ್ಣು ಊಟಿ ರೈಲಿನ ಮೇಲಿದೆ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರು, ಕಡಿದಾದ ಕಡೆ ಹಳಿಯ ನಡುವಿನ ಹಲ್ಲುಪಟ್ಟಿ ಕಚ್ಚಿಕೊಂಡು ಹತ್ತಲು ಹೆಚ್ಚುಕಡಿಮೆ ಐದು ಗಂಟೆ. ಇಳಿಯುವಾಗ ಮಾತ್ರ ಒಂದು ಗಂಟೆಗೂ ಹೆಚ್ಚು ಬೇಗ ತಂದು ಬಿಡುತ್ತದೆ. ದುಡ್ಡು ದಂಡ. ಹತ್ತುವ ಕಡೆಯದಕ್ಕೇ ಟಿಕೆಟ್ ತೆಗೆಯಬೇಕು.