‘ವಾಸಿಯಾಗುತ್ತೆ’ ಅಂತ ಹೇಳಿ ಯೇಸುವನ್ನು ಪರಿಚಯ ಮಾಡಿಸಬೇಡಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಸುವಾರ್ತೆ ಹೇಳುವ ವಿಶ್ವಾಸಿಗಳಲ್ಲಿ ಒಂದು ಕಳಕಳಿಯ ಮನವಿ. ರೋಗಿಯ ಮಂಚದ ಪಕ್ಕ ಕೂತು "ಯೇಸಪ್ಪನ್ನ ನಂಬ್ರಿ, ಆರಾಮ ಆಗ್ತೈತಿ" ಅಂತ ಮಾತು ಕೊಡುವುದನ್ನು ನಿಲ್ಲಿಸಿ. ಪ್ರಾರ್ಥನೆ ಖಂಡಿತ ಮಾಡಿ, ಆಸ್ಪತ್ರೆಗೆ ಜೊತೆಗೂ ಹೋಗಿ. ಆದರೆ ರೋಗ ಗುಣವಾಗುವುದಕ್ಕೂ ರಕ್ಷಣೆಗೂ ಗಂಟು ಹಾಕಬೇಡಿ. ಜ್ವರ ಇಳಿದರೆ, ಜ್ವರ ಇಳಿಸುವ ಇನ್ನೊಬ್ಬ ದೇವರು ಸಿಕ್ಕ ಅಂದುಕೊಳ್ಳುತ್ತಾರೆ. ಇಳಿಯದಿದ್ದರೆ "ನಿಮಗೆ ನಂಬಿಕೆ ಸಾಲದು" ಅನ್ನುವ ಕ್ರೂರ ಮಾತು ಯಾರದೋ ಬಾಯಲ್ಲಿ ಬರುತ್ತದೆ, ಆ ಮನೆಯ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಎರಡೂ ಕಡೆ ಪಾಪದ ಮಾತಿಲ್ಲ, ಶಿಲುಬೆಯ ಮಾತಿಲ್ಲ. ಹಾಗಾದರೆ ಸುವಾರ್ತೆ ಹೇಳಿದ್ದೆಲ್ಲಿ?

ಹೋಗುವ ಹೊತ್ತು ನೋಡಿಕೊಳ್ಳಿ. ಕಾಲುವೆಗೆ ನೀರು ಬಂದು ನಾಟಿ ಶುರುವಾದರೆ ಗಂಗಾವತಿ, ಸಿಂಧನೂರು ಕಡೆ ಹಗಲು ಯಾರೂ ಕೈಗೆ ಸಿಗುವುದಿಲ್ಲ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದವರನ್ನು ಎಬ್ಬಿಸಬೇಡಿ. ಇಬ್ಬರು ಹೋದರೆ ಸಾಕು. ಆರೇಳು ಮಂದಿ ಬೈಬಲ್ ಹಿಡಿದು ಓಣಿಗೆ ಬಂದರೆ ಆ ಮನೆಯವರು ಇಡೀ ಊರಿಗೆ ಉತ್ತರ ಹೇಳಬೇಕಾಗುತ್ತದೆ.

ಭಾಷೆಯ ವಿಷಯದಲ್ಲಿ ಉದಾಸೀನ ಬೇಡ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಲಂಡನ್ ಮಿಷನ್ನಿನ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ವರ್ಷಗಟ್ಟಲೆ ಅನುವಾದಕ್ಕೆ ಕೂತರು. ಇಡೀ ಸತ್ಯವೇದ ಕನ್ನಡದಲ್ಲಿ ಸಿಕ್ಕಿದ್ದು 1831ರ ಹೊತ್ತಿಗೆ. ಆ ತಾಳ್ಮೆಯಲ್ಲಿ ಸ್ವಲ್ಪವಾದರೂ ನಮಗೆ ಬೇಕು. ಓದು ಬಾರದವರಿಗೆ ಕರಪತ್ರ ಕೊಟ್ಟು ಬರುವುದು ಕೆಲಸ ಮುಗಿಸಿದ ಲೆಕ್ಕವಲ್ಲ. ನೀವೇ ನಿಧಾನವಾಗಿ ಓದಿ ಹೇಳಿ.

ಏನು ಓದಬೇಕು? ರೋಮಾಪುರದವರಿಗೆ 3:23, 6:23, 5:8, 10:9 ಅಂತ ನಾಲ್ಕು ವಚನ ಗಿಣಿಪಾಠ ಒಪ್ಪಿಸಿ, ಕೂಡಲೇ ಪ್ರಾರ್ಥನೆ ಹೇಳಿಸುವ ರೂಢಿ ಇದೆ. ವಚನಗಳು ಸತ್ಯವೇ, ಆದರೆ ಯೇಸು ಯಾರು ಅಂತಲೇ ಗೊತ್ತಿಲ್ಲದವರಿಗೆ ಅವು ತಲೆಬುಡವಿಲ್ಲದ ಮಾತು. ಲೂಕನ ಸುವಾರ್ತೆಯಿಂದ ನಾಲ್ಕು ಭಾಗ ತೆಗೆದುಕೊಳ್ಳಿ: 15ನೇ ಅಧ್ಯಾಯದ ಇಬ್ಬರು ಮಕ್ಕಳು, 18:9-14ರ ಫರಿಸಾಯ ಮತ್ತು ಸುಂಕದವನು, 23:32-43ರ ಶಿಲುಬೆಯ ಮೇಲಿನ ಕಳ್ಳ, 24ನೇ ಅಧ್ಯಾಯದ ಪುನರುತ್ಥಾನ. ವಾರಕ್ಕೊಂದು ಸಾಕು, ಮುಕ್ಕಾಲು ಗಂಟೆ ಮೀರಬೇಡಿ.

ಹದಿನೈದನೇ ಅಧ್ಯಾಯವನ್ನು ಅವಸರದಲ್ಲಿ ಓದಿ ಮುಗಿಸಬೇಡಿ. ಅಪ್ಪ ಕಣ್ಣೆದುರು ಗಟ್ಟಿಮುಟ್ಟಾಗಿರುವಾಗಲೇ ಕಿರಿಮಗ ಪಾಲು ಕೇಳುತ್ತಾನೆ. ಹೊಲ ಪಾಲಾದ ಮನೆಯವರಿಗೆ ಆ ಮಾತಿನ ಪೆಟ್ಟು ಎಂಥದ್ದೆಂದು ನೀವು ವಿವರಿಸಬೇಕಾಗಿಲ್ಲ. ಆಮೇಲೆ ಎಲ್ಲ ಕಳೆದುಕೊಂಡು ಮರಳಿ ಬರುವ ಆ ಮಗನನ್ನು ಕಂಡು ಆ ವಯಸ್ಸಾದ ಅಪ್ಪ ಓಡುತ್ತಾನೆ, ಅದೂ ಮಗನ ಬಾಯಿಂದ ಕ್ಷಮೆಯ ಮಾತು ಬರುವ ಮೊದಲೇ. ಅಲ್ಲಿ ನಿಲ್ಲಿಸಿ, "ತಮ್ಮನಿಗಾಗಿ ಇಟ್ಟ ಔತಣಕ್ಕೆ ಹಿರಿಮಗ ಯಾಕೆ ಒಳಗೆ ಬರಲಿಲ್ಲ?" ಅಂತ ಕೇಳಿ, ಸುಮ್ಮನಿರಿ. ಯಾರಿಗೂ ಕೇಡು ಮಾಡದೆ ಬದುಕಿದವರು ತಮ್ಮನ್ನು ಆ ಹಿರಿಮಗನಲ್ಲೇ ಕಾಣುತ್ತಾರೆ. ಅಪ್ಪ ಅವನ ಬಳಿಗೂ ಹೊರಗೆ ಬಂದು ಬೇಡಿಕೊಂಡ ಅನ್ನುವುದನ್ನು ಆಗ ಹೇಳಿ. ರಕ್ಷಣೆ ನಮ್ಮ ಒಳ್ಳೆಯತನಕ್ಕೆ ಸಿಗುವ ಕೂಲಿಯಲ್ಲ, ದೇವರ ಕೃಪೆ ಅನ್ನುವ ಎಫೆಸ 2:8-9 ಅವರಿಗೆ ಹಿಡಿಯುವುದು ಅಲ್ಲಿಂದ.

"ಇದು ಹೋದ ಜನ್ಮದ ಕರ್ಮ" ಅಂತ ಅತ್ತವರಿಗೆ ಯೋಹಾನ 9:3 ಓದಿ: ಕುರುಡನಾಗಿ ಹುಟ್ಟಿದವನ ಬಗ್ಗೆ, ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ ಎಂದು ಯೇಸುವೇ ಹೇಳುತ್ತಾನೆ. "ಎಲ್ಲಾ ದೇವರೂ ಒಂದೇ ಅಲ್ಲೇನ್ರಿ?" ಅಂದವರ ಜೊತೆ ಜಗಳಕ್ಕಿಳಿಯಬೇಡಿ. "ಆ ಕಳ್ಳನಿಗೆ ಪರದೈಸು ಸಿಕ್ಕಿದ್ದು ಹೇಗೆ?" ಅಂತ ಕೇಳಿ, ಮಾತು ಅಲ್ಲಿಗೆ ಬರಲಿ. ಹುಲಿಗಿಯ ದೇವಿ ಹುಲಿಗೆಮ್ಮನ ಬಗ್ಗೆಯಾಗಲಿ ಕೊಪ್ಪಳದ ಗವಿಮಠದ ಬಗ್ಗೆಯಾಗಲಿ ಒಂದು ಹಗುರ ಮಾತೂ ಬೇಡ. ಎಫೆಸ ಪಟ್ಟಣದಲ್ಲಿ ಪೌಲನ ಬೋಧನೆಯ ವಿರುದ್ಧ ಎದ್ದ ಗಲಭೆಯಲ್ಲಿ, ಇವರು ನಮ್ಮ ದೇವಿಯನ್ನು ದೂಷಿಸಿದವರಲ್ಲ ಎಂದು ಪೌಲನ ಜೊತೆಗಾರರ ಪರವಾಗಿ ಹೇಳಿದ್ದು ಆ ಊರಿನ ಅಧಿಕಾರಿಯೇ (ಅಪೊಸ್ತಲರ ಕೃತ್ಯಗಳು 19:37). ನಮ್ಮ ಬಗ್ಗೆ ನಮ್ಮೂರ ಪಂಚಾಯ್ತಿ ಹಾಗೆ ಹೇಳುತ್ತದೆಯೇ?

ಕಾನೂನೂ ಗೊತ್ತಿರಲಿ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರಕ್ಕೆ ಹಕ್ಕು ಕೊಡುತ್ತದೆ. ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಅಕ್ಕಿ, ಫೀಸು, ಕೆಲಸದ ಆಸೆ ತೋರಿಸಿದರೆ ಕಾನೂನಿಗೂ ತಪ್ಪು, ಕರ್ತನಿಗೂ ದ್ರೋಹ. ಬಡವರಿಗೆ ಸಹಾಯ ಮಾಡುವುದಿದ್ದರೆ ನಂಬದವರಿಗೂ ಅಷ್ಟೇ ಮಾಡಿ.

ಜಾತಿ ಸರ್ಟಿಫಿಕೇಟಿನ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಮುಚ್ಚಿಡುವವರನ್ನು ಕಂಡರೆ ನನಗೆ ಸಿಟ್ಟು. 1950ರ ರಾಷ್ಟ್ರಪತಿ ಆದೇಶ ಮತ್ತು ಅದರ ತಿದ್ದುಪಡಿಗಳ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಮಾನ್ಯತೆ. ಪರಿಶಿಷ್ಟ ಪಂಗಡಕ್ಕೆ ಆ ಧರ್ಮದ ಷರತ್ತಿಲ್ಲ. ದೀಕ್ಷಾಸ್ನಾನಕ್ಕೆ ಮೊದಲೇ ಇದನ್ನು ಬಿಡಿಸಿ ಹೇಳಿ, ಮನೆಯವರ ಎದುರಿಗೇ ಹೇಳಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆ ಎಂದು ಯೇಸುವೇ ಹೇಳಿದ್ದಾನೆ (ಲೂಕ 14:28). ಅವರು ಯೋಚಿಸಲು ಆರು ತಿಂಗಳು ಕೇಳಿದರೆ ಆರು ತಿಂಗಳು ಕೊಡಿ, ಅಲ್ಲಿಯವರೆಗೂ ಅವರ ಮನೆಗೆ ಹೋಗಿ ಬರುತ್ತಿರಿ.